ಕನ್ನಡದ ಕೋಷ್ಟಕಕ್ಕೆ ಎಷ್ಟು ಜಾಗ ಬೇಕು?

ಡೇಟಾಬೇಸಿನ ಒಂದು ಕೋಷ್ಟಕ, ಅಂದರೆ ಟೇಬಲ್, ಡಿಸ್ಕಿನ ಮೇಲೆ ಎಷ್ಟು ಜಾಗವನ್ನು ಹಿಡಿದೀತು ಎಂಬುದನ್ನು ಅದನ್ನು ತುಂಬುವ ಮೊದಲೇ ಅಂದಾಜು ಮಾಡುವುದು ಹಳೆಯ ಕಸುಬು. ಪಠ್ಯಪುಸ್ತಕಗಳು ಹೇಳುವ ಸೂತ್ರ ಸರಳವಾಗಿದೆ: ಒಂದು ಸಾಲಿನ ಸರಾಸರಿ ಉದ್ದವನ್ನು ಕಂಡುಕೊಂಡು, ಸಾಲುಗಳ ಸಂಖ್ಯೆಯಿಂದ ಗುಣಿಸಿ, ಇಂಡೆಕ್ಸುಗಳಿಗೆಂದು ಇನ್ನಷ್ಟು ಸೇರಿಸಬೇಕು. ಸೂತ್ರವೇನೋ ಸರಿಯೇ. ಆದರೆ ಆ ಪುಸ್ತಕಗಳ ಉದಾಹರಣೆಗಳೆಲ್ಲ ಇಂಗ್ಲಿಷಿನವು. ಅಲ್ಲಿ ಒಂದು ಅಕ್ಷರವೆಂದರೆ ಒಂದು ಬೈಟು. ಕನ್ನಡವನ್ನು ತುಂಬುವ ಕೋಷ್ಟಕದಲ್ಲಿ ಈ ಮೊದಲ ಹೆಜ್ಜೆಯೇ ಜಾರುತ್ತದೆ.

ನಾನಿರುವ ಟೊರೆನ್ಸಿನ ಸುತ್ತಮುತ್ತ, ಲಾಸ್ ಏಂಜಲೀಸಿನಿಂದ ಸ್ಯಾನ್ ಡಿಯೇಗೋವರೆಗೆ, ಬಿಡುವಿನ ದಿನಗಳಲ್ಲಿ ಕನ್ನಡದ ಕೆಲಸ ಮಾಡುವವರ ನಡುವೆ ಈ ವಿಷಯ ಆಗಾಗ ಚರ್ಚೆಗೆ ಬರುತ್ತದೆ. ಸದಸ್ಯರ ಪಟ್ಟಿಯಲ್ಲಿ ಹೆಸರುಗಳನ್ನು ಕನ್ನಡದಲ್ಲಿಯೂ ಇಡೋಣವೇ? ಮಕ್ಕಳ ತರಗತಿಗಾಗಿ ವಚನಗಳನ್ನು ಪದ ಹಿಡಿದು ಹುಡುಕುವಂತೆ ಮಾಡೋಣವೇ? ಆಗ ಯಾರಾದರೊಬ್ಬರು, “ಕನ್ನಡ ಮೂರು ಪಟ್ಟು ಜಾಗ ತಿನ್ನುತ್ತದೆ, ಬಾಡಿಗೆಯ ಸರ್ವರಿನಲ್ಲಿ ಅಷ್ಟೊಂದು ಜಾಗವಿಲ್ಲ, ರೋಮನ್ ಲಿಪಿಯಲ್ಲೇ ಇರಲಿ ಬಿಡಿ” ಎನ್ನುತ್ತಾರೆ. ಮೂರು ಪಟ್ಟು ಎಂಬುದರಲ್ಲಿ ನಿಜವಿದೆ. ಜಾಗವಿಲ್ಲ ಎಂಬುದು ಲೆಕ್ಕ ಹಾಕದೆ ಆಡುವ ಮಾತು. ಆ ಒಂದು ಮಾತಿನಿಂದ ಪಟ್ಟಿಯಿಂದ ಕನ್ನಡವೇ ಹೊರಗುಳಿಯುವುದಾದರೆ, ಲೆಕ್ಕವನ್ನು ಕೊನೆಯವರೆಗೂ ಹಾಕಿ ನೋಡುವುದು ಲೇಸು.

ಅಕ್ಷರ, ಸಂಕೇತ, ಬೈಟು

ನಾವು ಅಕ್ಷರವೆಂದು ಎಣಿಸುವುದು ಬೇರೆ, ಯಂತ್ರ ಎಣಿಸುವುದು ಬೇರೆ. ಯುನಿಕೋಡಿನಲ್ಲಿ ವ್ಯಂಜನ, ಸ್ವರಚಿಹ್ನೆ, ಅನುಸ್ವಾರ, ಒತ್ತಕ್ಷರವನ್ನು ಕೂಡಿಸುವ ವಿರಾಮಚಿಹ್ನೆ ಇವೆಲ್ಲಕ್ಕೂ ಪ್ರತ್ಯೇಕ ಸಂಕೇತಗಳಿವೆ. ಕನ್ನಡಕ್ಕೆ ಮೀಸಲಾದ ಸಂಕೇತಗಳು 3200ರಿಂದ 3327ರವರೆಗಿನ ಸಂಖ್ಯೆಗಳು. ಇಂದು ಬಹುತೇಕ ಡೇಟಾಬೇಸುಗಳು ಬಳಸುವ ಯುಟಿಎಫ್-8 ಎಂಬ ಬರೆಹಕ್ರಮದಲ್ಲಿ 127ರವರೆಗಿನ ಸಂಕೇತಕ್ಕೆ ಒಂದು ಬೈಟು, 2047ರವರೆಗೆ ಎರಡು, 65,535ರವರೆಗೆ ಮೂರು. ಹೀಗಾಗಿ ಕನ್ನಡದ ಪ್ರತಿಯೊಂದು ಸಂಕೇತವೂ ಮೂರು ಬೈಟುಗಳದು.

ಈ ಕ್ರಮವನ್ನು ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ್ದು 1992ರ ಸೆಪ್ಟೆಂಬರಿನಲ್ಲಿ. ವಿದ್ವತ್ ಸಭೆಯೊಂದರ ಮುಂದೆ ಅದನ್ನು ಮೊದಲು ಮಂಡಿಸಿದ್ದು 1993ರ ಜನವರಿಯಲ್ಲಿ, ಯೂಸ್‌ನಿಕ್ಸ್ ಸಮ್ಮೇಳನದಲ್ಲಿ. ಅದು ನಡೆದದ್ದು ಟೊರೆನ್ಸಿನಿಂದ ದಕ್ಷಿಣಕ್ಕೆ ಎರಡು ಗಂಟೆಯ ಹಾದಿಯಾದ ಇದೇ ಸ್ಯಾನ್ ಡಿಯೇಗೋದಲ್ಲಿ. ಹಳೆಯ ಇಂಗ್ಲಿಷ್ ಕಡತಗಳು ಒಂದು ಬೈಟೂ ಬದಲಾಗದೆ ಹಾಗೆಯೇ ನಡೆಯಬೇಕು, ನಡುವಿನಲ್ಲಿ ಎಲ್ಲಿಂದ ಓದತೊಡಗಿದರೂ ಅಕ್ಷರದ ಆರಂಭ ತಿಳಿಯಬೇಕು ಎಂಬುದು ಅವರ ಗುರಿಯಾಗಿತ್ತು. ಅದಕ್ಕಾಗಿ ಮೂರು ಬೈಟುಗಳ 24 ಬಿಟ್ಟುಗಳಲ್ಲಿ 8 ಗುರುತಿಗೆ ಹೋಗುತ್ತವೆ. ಉಳಿದ 16ರಲ್ಲಿ ಸಂಕೇತ ಕುಳಿತುಕೊಳ್ಳುತ್ತದೆ. ಗ್ರೀಕ್, ರಷ್ಯನ್, ಹೀಬ್ರೂ, ಅರಬ್ಬಿ ಲಿಪಿಗಳು ಎರಡು ಬೈಟಿನ ಎಲ್ಲೆಯೊಳಗೆ ಬಂದವು. ಭಾರತದ ಲಿಪಿಗಳ ಸಾಲು 2304ರಲ್ಲಿ ದೇವನಾಗರಿಯಿಂದ ಆರಂಭವಾಗುವುದರಿಂದ ಅವೆಲ್ಲವೂ ಎಲ್ಲೆಯಾಚೆ ಉಳಿದವು. ಇದು ಕನ್ನಡಕ್ಕೆಂದೇ ಆದ ಅನ್ಯಾಯವೆಂದು ಕೆಲವರು ಬೇಸರಿಸುವುದುಂಟು, ನನಗೆ ಹಾಗೆನಿಸಿಲ್ಲ. 1991ರ ಭಾರತೀಯ ಮಾನಕವಾದ ಇಸ್ಕಿಯಲ್ಲಿ ಒಂದು ಸಂಕೇತಕ್ಕೆ ಒಂದೇ ಬೈಟು ಸಾಕಾಗಿತ್ತು ನಿಜ, ಆದರೆ ಅಲ್ಲಿ ಕನ್ನಡದ ಕಕಾರಕ್ಕೂ ಹಿಂದಿಯ ಕಕಾರಕ್ಕೂ ಒಂದೇ ಸಂಖ್ಯೆಯಿತ್ತು. ಯಾವ ಲಿಪಿ ಎಂಬುದನ್ನು ಬೇರೆಯಾಗಿ ಹೇಳಬೇಕಿತ್ತು.

ಎರಡು ಅಂಕಿತನಾಮಗಳನ್ನು ತೂಗಿ ನೋಡೋಣ. ಬಸವಣ್ಣನವರ ಅಂಕಿತ ‘ಕೂಡಲಸಂಗಮದೇವ’. ಓದುವಾಗ ಎಂಟು ಅಕ್ಷರ, ಸಂಕೇತಗಳು ಹನ್ನೊಂದು, ಬೈಟುಗಳು 33. ಅಕ್ಕಮಹಾದೇವಿಯ ‘ಚೆನ್ನಮಲ್ಲಿಕಾರ್ಜುನ’ದಲ್ಲಿ ಅಕ್ಷರಗಳು ಏಳೇ, ಆದರೆ ಮೂರು ಒತ್ತಕ್ಷರಗಳಿರುವುದರಿಂದ ಸಂಕೇತಗಳು ಹದಿನೇಳು, ಬೈಟುಗಳು 51. ರೋಮನ್ ಲಿಪಿಯಲ್ಲಿ ಬರೆದರೆ ಎರಡೂ ಹೆಸರುಗಳು ಹದಿನೆಂಟು ಬೈಟುಗಳಲ್ಲಿ ಮುಗಿಯುತ್ತವೆ. ಆದುದರಿಂದ ಕಣ್ಣಿಗೆ ಕಾಣುವ ಅಕ್ಷರಗಳನ್ನು ಎಣಿಸಿ ಮೂರರಿಂದ ಗುಣಿಸಿದರೆ ಉತ್ತರ ತಪ್ಪುತ್ತದೆ: ಮೊದಲನೆಯದರಲ್ಲಿ ಒಂದು ಅಕ್ಷರಕ್ಕೆ ಸುಮಾರು ನಾಲ್ಕು ಬೈಟು, ಎರಡನೆಯದರಲ್ಲಿ ಏಳಕ್ಕೂ ಹೆಚ್ಚು. ‘ಟೊರೆನ್ಸ್’ ಎಂಬುದು ಅಪರೂಪಕ್ಕೆ ಗಾದೆಯ ‘ಮೂರು ಪಟ್ಟಿ’ಗೆ ಸರಿಯಾಗಿ ಹೊಂದುತ್ತದೆ: ಇಂಗ್ಲಿಷಿನಲ್ಲಿ 8 ಬೈಟು, ಕನ್ನಡದಲ್ಲಿ 24.

ಛಂದಸ್ಸು ಬಲ್ಲವರು ಇಲ್ಲಿ ಒಂದು ಪ್ರಶ್ನೆ ಕೇಳಬಹುದು. ಭಾಮಿನಿ ಷಟ್ಪದಿಯ ಒಂದು ಪದ್ಯಕ್ಕೆ 102 ಮಾತ್ರೆಗಳೆಂದು ನಿಶ್ಚಯವಾಗಿರುವಾಗ ಬೈಟುಗಳೂ ಹೆಚ್ಚುಕಡಿಮೆ ನಿಶ್ಚಯವಾಗಬೇಡವೇ? ಇಲ್ಲ. ‘ಕಮಲ’ಕ್ಕೂ ‘ಕೃಷ್ಣ’ಕ್ಕೂ ಮೂರು ಮೂರು ಮಾತ್ರೆ, ಬೈಟುಗಳು ಮಾತ್ರ ಒಂದಕ್ಕೆ 9, ಇನ್ನೊಂದಕ್ಕೆ 15.

ಕಣ್ಣಿಗೆ ಕಾಣದ ಸಂಕೇತಗಳೂ ಇವೆ. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜಕಾರಕ್ಕೆ ಕಕಾರ ಒತ್ತಾಗದಂತೆ ತಡೆಯುವ ಚಿಹ್ನೆ ಪರದೆಯ ಮೇಲೆ ಕಾಣುವುದಿಲ್ಲ, ಆದರೆ ಮೂರು ಬೈಟುಗಳನ್ನು ತೆಗೆದುಕೊಳ್ಳುತ್ತದೆ. ‘ದೇ’ ಎಂಬಲ್ಲಿನ ಏಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರದ ಚಿಹ್ನೆಗೆ ದೀರ್ಘಚಿಹ್ನೆ ಸೇರಿಸಿ ಎರಡಾಗಿಯೂ ಬರೆಯಬಹುದು. ಓಕಾರವಂತೂ ಬಿಡಿಸಿದರೆ ಮೂರಾಗುತ್ತದೆ. ನೋಡಲು ಎರಡೂ ಒಂದೇ, ಹುಡುಕುವಾಗ ಬೇರೆ ಬೇರೆ. ಜಾಗಕ್ಕಿಂತ ಹುಡುಕಾಟದ ದೃಷ್ಟಿಯಿಂದಲೇ ಎಲ್ಲವನ್ನೂ ಕೂಡಿದ ರೂಪಕ್ಕೆ ತಂದು ತುಂಬುವುದು ಒಳ್ಳೆಯದು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಿಸಿದ ಕಡತಗಳಿದ್ದರೆ ಅವುಗಳ ಗಾತ್ರವನ್ನು ನೋಡಿ ಅಂದಾಜು ಮಾಡಲೇಬಾರದು. ಅವುಗಳಲ್ಲಿರುವುದು ಅಕ್ಷರಗಳ ಚಿತ್ರಖಂಡಗಳ ಸಂಖ್ಯೆಗಳು. ಯುನಿಕೋಡಿಗೆ ಪರಿವರ್ತಿಸಿದ ಮೇಲೆಯೇ ಅಳತೆ ಹಿಡಿಯಬೇಕು.

ನಿಜವಾದ ಪೆಟ್ಟು ಎಲ್ಲಿ?

ಕನ್ನಡಕ್ಕೆ ತೊಂದರೆಯಾಗುವುದು ಡಿಸ್ಕಿನ ಗಾತ್ರದಿಂದಲ್ಲ, ಅಂಕಣಕ್ಕೆ ಕೊಟ್ಟ ಅಗಲದಿಂದ. ಆರಕಲ್ಲಿನಲ್ಲಿ ಹೆಸರಿನ ಅಂಕಣಕ್ಕೆ 50 ಎಂದು ಅಳತೆ ಕೊಟ್ಟರೆ, ಬೇರೇನೂ ಹೇಳದಿದ್ದಲ್ಲಿ ಅದು 50 ಬೈಟು. ಏಳು ಅಕ್ಷರಗಳ ಚೆನ್ನಮಲ್ಲಿಕಾರ್ಜುನನಿಗೆ ಅಲ್ಲಿ ಒಂದು ಬೈಟು ಸಾಲದೆ ಬಂದು ಸಾಲೇ ತಿರಸ್ಕೃತವಾಗುತ್ತದೆ. ‘ಇಷ್ಟು ಕ್ಯಾರೆಕ್ಟರ್’ ಎಂದು ಸ್ಪಷ್ಟವಾಗಿ ನಮೂದಿಸಿದರೆ ತೊಂದರೆಯಿಲ್ಲ. ಪೋಸ್ಟ್‌ಗ್ರೆಸ್ ಮತ್ತು ಮೈಎಸ್‌ಕ್ಯೂಎಲ್ ಎಣಿಸುವುದು ಸಂಕೇತಗಳನ್ನೇ. ಅಲ್ಲಿ 50 ಎಂದರೆ 50 ಸಂಕೇತ. ಎಸ್‌ಕ್ಯೂಎಲ್ ಸರ್ವರಿನ ಎನ್‌ವಾರ್‌ಕ್ಯಾರ್ ಕನ್ನಡದ ಪ್ರತಿ ಸಂಕೇತಕ್ಕೂ ಎರಡೇ ಬೈಟು ತೆಗೆದುಕೊಳ್ಳುತ್ತದೆ. 2019ರ ಆವೃತ್ತಿಯಿಂದ ಅಲ್ಲಿ ಯುಟಿಎಫ್-8 ಕೂಡ ದೊರೆಯುತ್ತಿದೆ. ಇಂಗ್ಲಿಷಿಗೆ ಅದು ಉಳಿತಾಯ, ಕನ್ನಡಕ್ಕೆ ಒಂದೂವರೆ ಪಟ್ಟು ಖರ್ಚು.

ಮೈಎಸ್‌ಕ್ಯೂಎಲ್ಲಿನ ‘ಯುಟಿಎಫ್8ಎಂಬಿ4’ ಎಂಬ ಹೆಸರಿನ ಕೊನೆಯ ನಾಲ್ಕನ್ನು ಕಂಡು ಅದರಲ್ಲಿ ಕನ್ನಡ ನಾಲ್ಕು ಬೈಟಾಗುತ್ತದೆಂದು ತಿಳಿಯುವವರಿದ್ದಾರೆ. ಆ ನಾಲ್ಕು ಗರಿಷ್ಠ ಮಿತಿ; ಎಮೋಜಿಗಳಿಗೆ ಬೇಕಾಗುವುದು. ಕನ್ನಡ ಅಲ್ಲಿಯೂ ಮೂರೇ. ಹಳೆಯ ಆವೃತ್ತಿಗಳಲ್ಲಿ ಇಂಡೆಕ್ಸಿಗೆ 767 ಬೈಟುಗಳ ಮಿತಿಯಿದ್ದು, ಆ ಗರಿಷ್ಠದ ಲೆಕ್ಕದಿಂದಲೇ ಅಂಕಣಕ್ಕೆ 191 ಎಂಬ ವಿಚಿತ್ರ ಅಳತೆ ಬಳಕೆಗೆ ಬಂದಿತ್ತು.

ಸಾಲಿನಿಂದ ಪುಟಕ್ಕೆ

ಇನ್ನು ಮುಂದಿನ ಲೆಕ್ಕವನ್ನು ಪೋಸ್ಟ್‌ಗ್ರೆಸ್ಸನ್ನು ಹಿಡಿದು ಮಾಡುತ್ತೇನೆ. ಅದರ ಒಳರಚನೆ ಬಹಿರಂಗವಾಗಿದೆ. ಕೋಷ್ಟಕವೆಂದರೆ 8,192 ಬೈಟುಗಳ ಪುಟಗಳ ಕಟ್ಟು. ಪುಟದ ತಲೆಯಲ್ಲಿ 24 ಬೈಟು ಹೋಗಿ 8,168 ಉಳಿಯುತ್ತದೆ. ಪ್ರತಿಯೊಂದು ಸಾಲಿಗೂ 23 ಬೈಟುಗಳ ಹೆಡರ್ ಇದ್ದು, ಎಂಟರ ಗುಣಕಕ್ಕೆ ಸರಿಹೊಂದಿಸುವುದರಿಂದ 24 ಆಗುತ್ತದೆ. ಸಾಲು ಎಲ್ಲಿದೆಯೆಂದು ತೋರಿಸುವ ಸೂಚಕಕ್ಕೆ ಇನ್ನೂ 4. ಅಂದರೆ ಏನನ್ನೂ ಬರೆಯುವ ಮೊದಲೇ ಸಾಲೊಂದಕ್ಕೆ 28 ಬೈಟು ಖರ್ಚು. ಪಠ್ಯದ ಅಂಕಣಕ್ಕೆ ಉದ್ದವನ್ನು ನಮೂದಿಸಲು 126 ಬೈಟಿನವರೆಗೆ ಒಂದು, ಅದನ್ನು ಮೀರಿದರೆ ನಾಲ್ಕು ಬೈಟು ಸೇರುತ್ತದೆ. ಕೊನೆಯಲ್ಲಿ ಇಡೀ ಸಾಲು ಮತ್ತೆ ಎಂಟರ ಗುಣಕಕ್ಕೆ ಏರುತ್ತದೆ.

ಸದಸ್ಯರ ಪಟ್ಟಿಯನ್ನು ತೆಗೆದುಕೊಳ್ಳೋಣ. ಕ್ರಮಸಂಖ್ಯೆ 4 ಬೈಟು, ರೋಮನ್ ಹೆಸರು 19, ದೂರವಾಣಿ 11, ಇಮೇಲ್ 25, ಊರು 9. ಹೆಡರ್ ಸೇರಿ 92, ಸರಿಹೊಂದಿಸಿದರೆ 96, ಸೂಚಕ ಸೇರಿ 100. ಪುಟಕ್ಕೆ 81 ಸಾಲುಗಳು. ಎರಡು ಸಾವಿರ ಕುಟುಂಬಗಳೆಂದುಕೊಂಡರೆ 25 ಪುಟ, ಅಂದರೆ 200 ಕಿಲೋಬೈಟು. ಈಗ ಕನ್ನಡದ ಹೆಸರಿನ ಅಂಕಣವನ್ನು ಸೇರಿಸೋಣ. ಎಲ್ಲರ ಹೆಸರೂ ಚೆನ್ನಮಲ್ಲಿಕಾರ್ಜುನನಷ್ಟೇ ಉದ್ದವೆಂದು ಧಾರಾಳವಾಗಿ ಭಾವಿಸೋಣ. ಸಾಲು 148 ಬೈಟಾಗುತ್ತದೆ, ಪುಟಕ್ಕೆ 55 ಸಾಲು, ಒಟ್ಟು 37 ಪುಟ, 296 ಕಿಲೋಬೈಟು. ವ್ಯತ್ಯಾಸ 96 ಕಿಲೋಬೈಟು. ಯುಗಾದಿಯ ಊಟದ ಸಾಲಿನಲ್ಲಿ ಫೋನಿನಿಂದ ತೆಗೆದ ಒಂದೇ ಒಂದು ಚಿತ್ರ ಇದರ ಹತ್ತಾರು ಪಟ್ಟು ದೊಡ್ಡದಿರುತ್ತದೆ. ಅಂಥ ನೂರಾರು ಚಿತ್ರಗಳನ್ನು ಅದೇ ಸರ್ವರಿಗೆ ಏರಿಸುವಾಗ ಯಾರೂ ಜಾಗದ ಮಾತೆತ್ತುವುದಿಲ್ಲ.

ವಚನಗಳ ಕೋಷ್ಟಕ

ವಚನಗಳ ವಿಷಯದಲ್ಲಿ ಲೆಕ್ಕ ಇಷ್ಟು ಹಗುರವಲ್ಲ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರ 1993ರಲ್ಲಿ ಹೊರತಂದ ‘ಸಮಗ್ರ ವಚನ ಸಂಪುಟ’ದ ಹದಿನೈದು ಸಂಪುಟಗಳಲ್ಲಿ 20,000ಕ್ಕೂ ಹೆಚ್ಚು ವಚನಗಳಿವೆ. ‘ವಚನ ಸಂಚಯ’ ಎಂಬ ಜಾಲತಾಣದಲ್ಲಿ ವಚನಗಳನ್ನು ಪದ ಹಿಡಿದು ಹುಡುಕುವ ಅನುಕೂಲ ಈಗಾಗಲೇ ಇದೆ. ಅಂಥದೊಂದನ್ನು ತರಗತಿಯ ಮಟ್ಟಿಗೆ ನಾವೇ ಕಟ್ಟಿಕೊಳ್ಳುವುದಾದರೆ ಎಷ್ಟು ಜಾಗ ಬೇಕು? ಲೆಕ್ಕಕ್ಕೆಂದು 21,000 ವಚನಗಳು, ವಚನಕ್ಕೆ ಸರಾಸರಿ 60 ಪದಗಳು, ಪದಕ್ಕೆ ಸರಾಸರಿ 8 ಸಂಕೇತಗಳು ಎಂದು ಇಟ್ಟುಕೊಳ್ಳುತ್ತೇನೆ. ಇವು ನನ್ನ ಊಹೆಯ ಅಂಕೆಗಳು. ನಿಜವಾದವನ್ನು ಪಡೆಯುವ ಬಗೆಯನ್ನು ಕೊನೆಯಲ್ಲಿ ಹೇಳಿದ್ದೇನೆ.

ಅಕ್ಷರಕ್ಕೊಂದು ಬೈಟು ಎಂಬ ಪುಸ್ತಕದ ಸೂತ್ರದಂತೆ ವಚನವೊಂದಕ್ಕೆ ಪದಗಳ ನಡುವಿನ ತೆರಪುಗಳೂ ಸೇರಿ 539 ಬೈಟು, ಒಟ್ಟು 11 ಮೆಗಾಬೈಟುಗಳ ಆಸುಪಾಸು. ನಿಜವಾಗಿ ಪಠ್ಯವೇ 1,500 ಬೈಟಿನಷ್ಟಾಗುತ್ತದೆ (ತೆರಪಿಗೆ ಮಾತ್ರ ಒಂದೇ ಬೈಟು, ಅಷ್ಟರ ಮಟ್ಟಿಗೆ ಉಳಿತಾಯ). ಕ್ರಮಸಂಖ್ಯೆ, ವಚನಕಾರರ ಸಂಖ್ಯೆ, ಸಂಪುಟದ ಸಂಖ್ಯೆ, ಹೆಡರ್ ಎಲ್ಲ ಸೇರಿ ಸಾಲು 1,548 ಬೈಟು. ಪುಟಕ್ಕೆ ಐದು ವಚನಗಳು. 428 ಬೈಟು ಪಾಳು ಬೀಳುತ್ತದೆ. 4,200 ಪುಟಗಳು, ಸುಮಾರು 34 ಮೆಗಾಬೈಟು. ವಾಸ್ತವದಲ್ಲಿ ಚಿಕ್ಕ ವಚನಗಳು ಆ ಪಾಳುಜಾಗದಲ್ಲಿ ಸೇರಿಕೊಳ್ಳುವುದರಿಂದ ಇದಕ್ಕಿಂತ ಸ್ವಲ್ಪ ಕಡಿಮೆಯಾಗಬಹುದು.

ಇಲ್ಲೊಂದು ಸ್ವಾರಸ್ಯವಿದೆ. ಸಾಲು ಸುಮಾರು 2,000 ಬೈಟನ್ನು ದಾಟಿದರೆ ಪೋಸ್ಟ್‌ಗ್ರೆಸ್ ಪಠ್ಯವನ್ನು ಅದುಮಿ ಇಡಲು ನೋಡುತ್ತದೆ; ಆಗಲೂ ಹಿಡಿಯದಿದ್ದರೆ ಬೇರೊಂದು ಕೋಷ್ಟಕಕ್ಕೆ ಸಾಗಿಸುತ್ತದೆ. ಕನ್ನಡ ಚೆನ್ನಾಗಿ ಅದುಮಿಕೊಳ್ಳುವ ಪಠ್ಯ. ಏಕೆಂದರೆ ಮೂರು ಬೈಟುಗಳಲ್ಲಿ ಮೊದಲನೆಯದು ಯಾವಾಗಲೂ 224, ಎರಡನೆಯದು 178 ಇಲ್ಲವೇ 179. ಬದಲಾಗುವುದು ಮೂರನೆಯದು ಮಾತ್ರ. ಹೀಗಾಗಿ 1,900 ಬೈಟಿನ ವಚನ ಇದ್ದಂತೆಯೇ ಇದ್ದು, 2,500 ಬೈಟಿನ ವಚನ ಅದಕ್ಕಿಂತ ಕಡಿಮೆ ಜಾಗದಲ್ಲಿ ಕುಳಿತುಕೊಳ್ಳುವುದು ಸಾಧ್ಯ. ಉದ್ದದ ವಚನಗಳು ಬಹಳವಿದ್ದರೆ ಅಂದಾಜನ್ನು ಏರಿಸುವ ಬದಲು ಇಳಿಸಬೇಕಾದೀತು.

ಡಿಸ್ಕನ್ನು ತುಂಬುವುದು ವಚನಗಳಲ್ಲ, ಪದಕೋಷ್ಟಕ. ಯಾವ ಪದ ಯಾವ ವಚನದಲ್ಲಿ ಎಷ್ಟನೆಯ ಸ್ಥಾನದಲ್ಲಿದೆ ಎಂದು ಪ್ರತಿ ಪದಕ್ಕೂ ಒಂದು ಸಾಲು ಬರೆದರೆ 12,60,000 ಸಾಲುಗಳಾಗುತ್ತವೆ. ಹೆಡರ್ 24, ಎರಡು ಸಂಖ್ಯೆಗಳಿಗೆ 8, ಪದಕ್ಕೆ 25. ಒಟ್ಟು 57, ಸರಿಹೊಂದಿಸಿ 64, ಸೂಚಕ ಸೇರಿ 68. ಪುಟಕ್ಕೆ 120 ಸಾಲು, 10,500 ಪುಟ, 86 ಮೆಗಾಬೈಟು. ಪದದ ಮೇಲೆ ಇಂಡೆಕ್ಸ್ ಕಟ್ಟಿದರೆ, ಅದರ ಪುಟಗಳನ್ನು ನೂರಕ್ಕೆ 90ರಷ್ಟು ಮಾತ್ರ ತುಂಬುವ ರೂಢಿಯಿರುವುದರಿಂದ, ಇನ್ನೂ ಸುಮಾರು 62 ಮೆಗಾಬೈಟು. ಮರುಕಳಿಸುವ ಪದವನ್ನು ಒಮ್ಮೆ ಮಾತ್ರ ಬರೆಯುವ ಅನುಕೂಲ ಪೋಸ್ಟ್‌ಗ್ರೆಸ್ಸಿನ 13ನೆಯ ಆವೃತ್ತಿಯಿಂದ ಇರುವ ಕಾರಣ ಇದು ಗರಿಷ್ಠ ಅಂದಾಜು. ಮೂಲ ವಚನಗಳಿಗೆ 34, ಅವನ್ನು ಹುಡುಕುವ ಸಲಕರಣೆಗೆ 148!

ಇದರಲ್ಲಿ ಕನ್ನಡದ ಪಾಲೆಷ್ಟು ಎಂದು ನೋಡಿ. ಸಾಲಿನ 68 ಬೈಟುಗಳಲ್ಲಿ ಪದ 25, ಡೇಟಾಬೇಸಿನ ಸ್ವಂತ ಖರ್ಚು 28. ಪದವನ್ನು ರೋಮನ್ ಲಿಪಿಗೆ ತಂದು 10 ಬೈಟಿಗೆ ಇಳಿಸಿದರೂ ಸಾಲು 48, ಸೂಚಕ ಸೇರಿ 52ಕ್ಕೆ ನಿಲ್ಲುತ್ತದೆ. ಅದರ ಬದಲು ಬೇರೆ ಬೇರೆ ಪದಗಳನ್ನೆಲ್ಲ ಒಂದು ಚಿಕ್ಕ ಕೋಷ್ಟಕದಲ್ಲಿಟ್ಟು, ಇಲ್ಲಿ ಪದದ ಸಂಖ್ಯೆಯನ್ನು ಮಾತ್ರ ಬರೆದರೆ ಸಾಲು 44 ಬೈಟಿಗೆ ಇಳಿಯುತ್ತದೆ, ಕೋಷ್ಟಕ 86ರಿಂದ 56 ಮೆಗಾಬೈಟಿಗೆ. ಲಿಪಿಯನ್ನು ಬಿಟ್ಟುಕೊಡುವುದಕ್ಕಿಂತ ಕೋಷ್ಟಕವನ್ನು ಸರಿಯಾಗಿ ಒಡೆಯುವುದರಲ್ಲಿ ಹೆಚ್ಚಿನ ಉಳಿತಾಯವಿದೆ. ಪದದ ಸ್ಥಾನ ಬೇಡವಾದರೆ ಜಿನ್ ಎಂಬ ಬಗೆಯ ಇಂಡೆಕ್ಸನ್ನು ಬಳಸಿ ಪದಕೋಷ್ಟಕವನ್ನೇ ಕೈಬಿಡಬಹುದು. ಅದು ಪ್ರತಿ ಪದವನ್ನೂ ಒಮ್ಮೆ ಬರೆದು, ಅದಿರುವ ಸಾಲುಗಳ ಪಟ್ಟಿಯನ್ನು ಅದುಮಿ ಇಡುತ್ತದೆ. ಕನ್ನಡದ ವಿಭಕ್ತಿ ಪ್ರತ್ಯಯಗಳನ್ನು ಬಿಡಿಸುವ ವ್ಯವಸ್ಥೆ ಪೋಸ್ಟ್‌ಗ್ರೆಸ್ಸಿನ ಜೊತೆಗೆ ಬರುವುದಿಲ್ಲ, ಆದ್ದರಿಂದ ಮರ, ಮರದ, ಮರದಲ್ಲಿ ಮೂರೂ ಬೇರೆ ಬೇರೆ ಪದಗಳಾಗಿ ಉಳಿಯುತ್ತವೆ ಎಂಬುದಷ್ಟು ನೆನಪಿರಲಿ.

ಮೈಎಸ್‌ಕ್ಯೂಎಲ್ಲಿನ ಇನ್ನೋಡಿಬಿಯಲ್ಲಿ ಪುಟ 16 ಕಿಲೋಬೈಟು. ಸಾಲಿನ ಸ್ವಂತ ಖರ್ಚು 5, 6, 7 ಸೇರಿ ಸುಮಾರು 18 ಬೈಟು. ಚಿಕ್ಕ ಸಾಲುಗಳ ಪದಕೋಷ್ಟಕಕ್ಕೆ ಅದು ಕೊಂಚ ಹಗುರ, ವಚನಗಳಿಗೆ ಹೆಚ್ಚಿನ ವ್ಯತ್ಯಾಸ ಕಾಣದು.

ತಿದ್ದುವಾಗ ಉಬ್ಬುವ ಗಾತ್ರ

ಪೋಸ್ಟ್‌ಗ್ರೆಸ್ಸಿನಲ್ಲಿ ಸಾಲನ್ನು ತಿದ್ದಿದರೆ ಹಳೆಯದು ಅಳಿಯುವುದಿಲ್ಲ. ಹೊಸ ಪ್ರತಿಯೊಂದು ಬರೆಯಲ್ಪಡುತ್ತದೆ, ಹಳೆಯದು ವ್ಯಾಕ್ಯೂಮ್ ಎಂಬ ಶುಚಿಕಾರ್ಯ ಬರುವವರೆಗೆ ಅಲ್ಲಿಯೇ ಇರುತ್ತದೆ. ಎಲ್ಲ ವಚನಗಳಲ್ಲಿಯೂ ದೀರ್ಘಚಿಹ್ನೆಯನ್ನು ಸರಿಪಡಿಸುವ ಒಂದೇ ಆಜ್ಞೆಯನ್ನು ಓಡಿಸಿದರೆ 34 ಮೆಗಾಬೈಟಿನ ಕೋಷ್ಟಕ 68 ಆಗುತ್ತದೆ. ಶುಚಿಯಾದ ಜಾಗ ಮುಂದಿನ ಸಾಲುಗಳಿಗೆ ಒದಗುತ್ತದೆಯಾದರೂ ಕಡತ ಸಾಮಾನ್ಯವಾಗಿ ಕುಗ್ಗುವುದಿಲ್ಲ. ಕುಗ್ಗಿಸುವ ಪೂರ್ಣ ವ್ಯಾಕ್ಯೂಮಿಗೆ ಹೊಸ ಪ್ರತಿಯನ್ನು ಬರೆಯುವಷ್ಟು ಜಾಗ ಮೊದಲೇ ಖಾಲಿ ಇರಬೇಕು. ಡಿಸ್ಕು ತುಂಬಿದ ಮೇಲೆ ಅದನ್ನು ನೆನೆದು ಫಲವಿಲ್ಲ. ಆದುದರಿಂದ ಫಾಂಟಿನ ಪರಿವರ್ತನೆ, ದೀರ್ಘಚಿಹ್ನೆಗಳ ಏಕರೂಪ, ಕರಡು ತಿದ್ದುಪಡಿ ಇವೆಲ್ಲ ತುಂಬುವ ಮೊದಲೇ ಆಗಲಿ.

ಇಷ್ಟೆಲ್ಲ ಸೇರಿ, ಅತ್ಯಂತ ದುಂದಿನ ವಿನ್ಯಾಸದಲ್ಲಿ 182, ಒಮ್ಮೆ ತಿದ್ದಿದ ಮೇಲೆ 216 ಮೆಗಾಬೈಟು. ಒಂದು ಗಿಗಾಬೈಟಿನ ಬಾಡಿಗೆ ಜಾಗದಲ್ಲಿ ಕಾಲು ಭಾಗವೂ ತುಂಬಲಿಲ್ಲ.

ಊಹೆಯ ಅಂಕೆಗಳ ಬದಲಿಗೆ

ನಿಜವಾದ ಸರಾಸರಿಗೆ ಮಾದರಿಯನ್ನು ತೆಗೆದು ಅಳೆಯಬೇಕು. ಮೊದಲ ನಾನೂರು ವಚನಗಳನ್ನು ತೆಗೆದುಕೊಂಡರೆ ಸಾಲದು: ಸಂಪುಟಗಳಲ್ಲಿ ವಚನಗಳಿರುವುದು ವಚನಕಾರರನ್ನು ಅನುಸರಿಸಿ, ಮೊದಲ ಸಂಪುಟ ಬಸವಣ್ಣನವರದು, ಒಬ್ಬೊಬ್ಬರ ವಚನದ ಅಳತೆ ಒಂದೊಂದು ಬಗೆ. ಎಲ್ಲ ಸಂಪುಟಗಳಿಂದ ಚೀಟಿ ಎತ್ತಿದಂತೆ ಆರಿಸಬೇಕು. ಉದ್ದಗಳ ಮಾನಕ ವಿಚಲನೆ 900 ಬೈಟೆಂದುಕೊಂಡರೂ ನಾನೂರರ ಮಾದರಿಯಲ್ಲಿ ಸರಾಸರಿಯ ಮಾನಕ ದೋಷ 45 ಬೈಟು, ನೂರಕ್ಕೆ ಮೂರು; ನಮ್ಮ ಕೆಲಸಕ್ಕೆ ಇದು ಧಾರಾಳ. ಕ್ಯಾರ್ ಲೆಂಗ್ತ್ ಎಂಬ ಫಂಕ್ಷನ್ ಸಂಕೇತಗಳನ್ನು ಎಣಿಸುತ್ತದೆ, ಆಕ್ಟೆಟ್ ಲೆಂಗ್ತ್ ಬೈಟುಗಳನ್ನು. ನಮಗೆ ಬೇಕಾದದ್ದು ಎರಡನೆಯದು. ಆ ನಾನೂರನ್ನು ಖಾಲಿ ಕೋಷ್ಟಕಕ್ಕೆ ತುಂಬಿ, ಇಂಡೆಕ್ಸುಗಳನ್ನೂ ಕಟ್ಟಿ, ಪೋಸ್ಟ್‌ಗ್ರೆಸ್ಸಿನ ಟೋಟಲ್ ರಿಲೇಷನ್ ಸೈಜ್ ಫಂಕ್ಷನ್ನಿನಿಂದ ಒಟ್ಟು ಗಾತ್ರ ಪಡೆದರೆ ಮೇಲಿನ ಗುಣಾಕಾರವನ್ನು ತಾಳೆ ನೋಡಬಹುದು. ಮಾದರಿ ತೀರ ಚಿಕ್ಕದಾದರೆ ಅರೆತುಂಬಿದ ಪುಟಗಳಿಂದ ಉತ್ತರ ಉಬ್ಬುತ್ತದೆ, ಆದ್ದರಿಂದ ಅನುಕೂಲವಿದ್ದರೆ ಒಂದು ಸಂಪುಟದಷ್ಟನ್ನಾದರೂ ತುಂಬಿ ನೋಡುವುದು ಒಳ್ಳೆಯದು.

ಡೇಟಾಬೇಸಿನಿಂದ ಹೊರತೆಗೆದ ಬ್ಯಾಕಪ್ ಕಡತದ ಗಾತ್ರವನ್ನು ಕಂಡು ಕೋಷ್ಟಕದ ಗಾತ್ರವೂ ಅಷ್ಟೇ ಎಂದು ಎಣಿಸಬಾರದು. ಅದರಲ್ಲಿ ಸಾಲುಗಳ ಹೆಡರ್ ಇಲ್ಲ, ಇಂಡೆಕ್ಸುಗಳ ಬದಲಿಗೆ ಅವನ್ನು ಮತ್ತೆ ಕಟ್ಟುವ ಆಜ್ಞೆಗಳಷ್ಟೇ ಇರುತ್ತವೆ. ನಮ್ಮ 182 ಮೆಗಾಬೈಟಿಗೆ ಅದು ಅರ್ಧವೂ ಆಗದು, ಜಿಪ್ ಮಾಡಿದರೆ ಆ 224ರ ದೆಸೆಯಿಂದ ಇನ್ನೂ ಬಹಳ ಇಳಿಯುತ್ತದೆ. ಮರಳಿ ತುಂಬುವ ದಿನ ಬೇಕಾಗುವ ಜಾಗ ಮಾತ್ರ ಪೂರ್ತಿ 182.